ಬೇಸ್‌ಬಾಲ್‌ಗೆ ಯಾವ ತಾಣ ನೋಡಬೇಕು? ಮೊದಲು ಒಂದು ಹಾಳೆಗೆ ಗೆರೆ ಹಾಕಿಕೊಳ್ಳಿ

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ನಮ್ಮ ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ತಂಡ ಜಿಲ್ಲಾ ಮಟ್ಟದವರೆಗೂ ಹೋಗುತ್ತದೆ. ಈ ವರ್ಷ ಹುಡುಗರಿಗೆ ಬೇಸ್‌ಬಾಲ್ ಆರಂಭಿಸಿದ್ದೇವೆ. 2025ರ ವಿಶ್ವ ಸರಣಿಯ, ಅಂದರೆ ಮೇಜರ್ ಲೀಗ್ ಬೇಸ್‌ಬಾಲ್‌ನ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪಂದ್ಯಗಳ ತುಣುಕುಗಳನ್ನು ಮೊಬೈಲ್‌ನಲ್ಲಿ ನೋಡಿದ ಮೇಲೆ ನನಗೂ ಈ ಆಟದ ಹುಚ್ಚು ಹಿಡಿದಿದೆ. ಆದರೆ ಹುಡುಕಿದರೆ ನೂರೆಂಟು ತಾಣಗಳು ಬರುತ್ತವೆ. ಎಲ್ಲಿಂದ ಆರಂಭಿಸಲಿ? ಹಣ ಕೊಡದೆ ಏನೇನು ಸಿಗುತ್ತದೆ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ನಮ್ಮೂರಿನ ಇಂಟರ್ನೆಟ್ ಕೂಡ ನಿಧಾನ.

ಉತ್ತರ: ಗುರುಗಳೇ, ನೀವು ತೊಡಕೆಂದು ಬರೆದಿರುವ ಎರಡೂ ಈ ಆಟದ ಮಟ್ಟಿಗೆ ತೊಡಕೇ ಅಲ್ಲ. ಬೇಸ್‌ಬಾಲ್‌ನ ನಿಜವಾದ ಆಸ್ತಿ ಇರುವುದು ವಿಡಿಯೋಗಳಲ್ಲಿ ಅಲ್ಲ, ಬರಹದಲ್ಲಿ. ಆ ಬರಹದಲ್ಲೂ ಮುಕ್ಕಾಲು ಪಾಲು ಅಂಕಿಗಳು. ಅಂಕಿಗಳ ಪುಟ ಎಷ್ಟು ನಿಧಾನದ ಮೊಬೈಲ್‌ನಲ್ಲೂ ತೆರೆದುಕೊಳ್ಳುತ್ತದೆ, ಅದನ್ನು ಓದಲು ಐವತ್ತು ಇಂಗ್ಲಿಷ್ ಪದಗಳು ಗೊತ್ತಿದ್ದರೆ ಸಾಕು. ಬೆಳಗಾವಿಯಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಲೇ ವಯಸ್ಸು ಕಳೆದವನು ನಾನು. ಈ ಆಟದ ಒಳಕ್ಕೆ ನಾನು ಹೋದದ್ದೂ ಆ ದಾರಿಯಿಂದಲೇ. ನ್ಯೂಯಾರ್ಕ್‌ನಲ್ಲಿ ಕುಳಿತವನಿಗೆ ಸಿಗುವ ದಾಖಲೆಯೇ ಜಮಖಂಡಿಯಲ್ಲಿ ಕುಳಿತ ನಿಮಗೂ ಸಿಗುತ್ತದೆ, ಅದೂ ಬಹುಪಾಲು ಉಚಿತವಾಗಿ.

ತಾಣಗಳ ಹೆಸರು ಹೇಳುವ ಮೊದಲು ಒಂದು ಬೆಳಗಿನ ಕಥೆ ಹೇಳಬೇಕು.

2025ರ ನವೆಂಬರ್ 1ರ ರಾತ್ರಿ ಬೆಳಗಾವಿಯಲ್ಲಿ ಯಾರೂ ಬೇಗ ಮಲಗಲಿಲ್ಲ. ರಾಜ್ಯೋತ್ಸವದ ಮೆರವಣಿಗೆ ಎಂದರೆ ನಮ್ಮ ಊರಿಗೆ ದೀಪಾವಳಿಗಿಂತ ದೊಡ್ಡದು. ಚೆನ್ನಮ್ಮ ವೃತ್ತದ ಜನಸಾಗರದಿಂದ ಮನೆಗೆ ಬಂದು ಒಂದಿಷ್ಟು ಕಣ್ಣು ಮುಚ್ಚಿ, ಬೆಳಿಗ್ಗೆ ಐದೂವರೆಗೆ ಮತ್ತೆ ಎದ್ದು ಕುಳಿತೆ. ಟೊರೊಂಟೊದಲ್ಲಿ ಆಗ ಶನಿವಾರ ರಾತ್ರಿ ಎಂಟು ಗಂಟೆ. ಟೊರೊಂಟೊ ಬ್ಲೂ ಜೇಸ್ ಮತ್ತು ಲಾಸ್ ಏಂಜಲೀಸ್ ಡಾಜರ್ಸ್ ನಡುವಿನ ವಿಶ್ವ ಸರಣಿಯ ಏಳನೆಯ ಪಂದ್ಯ, ಅಂದರೆ ಕಡೆಯ ಪಂದ್ಯ. ನನ್ನ ಮುಂದೆ ಟಿವಿ ಇರಲಿಲ್ಲ. ಮೊಬೈಲ್‌ನಲ್ಲಿ ಎಂಎಲ್‌ಬಿ (ಮೇಜರ್ ಲೀಗ್ ಬೇಸ್‌ಬಾಲ್) ತಾಣದ ಗೇಮ್‌ಡೇ ಪುಟ, ಮಡಿಲಲ್ಲಿ ಗೆರೆ ಎಳೆದ ಒಂದು ಹಾಳೆ, ಪೆನ್ಸಿಲ್, ರಬ್ಬರ್. ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ 3–4ರಿಂದ ಹಿಂದಿದ್ದ ಡಾಜರ್ಸ್‌ಗೆ ಮಿಗೆಲ್ ರೋಹಾಸ್ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂತೆ ಚೆಂಡನ್ನು ಬೇಲಿ ದಾಟಿಸುವ ಹೊಡೆತ) ಹೊಡೆದು ಸಮಬಲ ತಂದುಕೊಟ್ಟಾಗ ನಾನು ನೋಡಿದ್ದು ಪರದೆಯ ಮೇಲಿನ ಒಂದು ಸಾಲು ಮತ್ತು ಒಂದು ಚುಕ್ಕೆ, ಅಷ್ಟೇ. ಆದರೂ ಎದೆ ಹೊಡೆದುಕೊಂಡ ರೀತಿ ಇನ್ನೂ ನೆನಪಿದೆ. ಒಂಬತ್ತು ಇನ್ನಿಂಗ್ಸ್‌ಗೆ ಮುಗಿಯಬೇಕಿದ್ದ ಆಟ ಸಮಬಲದಿಂದ ಮುಂದುವರಿದು, ಹನ್ನೊಂದನೆಯ ಇನ್ನಿಂಗ್ಸ್‌ನಲ್ಲಿ ವಿಲ್ ಸ್ಮಿತ್ ಹೊಡೆದ ಹೋಮ್ ರನ್‌ನಿಂದ ಡಾಜರ್ಸ್ 5–4ರಿಂದ ಗೆದ್ದಿತು. ನ್ಯೂಯಾರ್ಕ್ ಯಾಂಕೀಸ್ 1998ರಿಂದ 2000ದವರೆಗೆ ಸತತವಾಗಿ ಗೆದ್ದ ಬಳಿಕ ಎರಡು ವರ್ಷ ಒಂದರ ಹಿಂದೊಂದು ವಿಶ್ವ ಸರಣಿ ಗೆದ್ದ ಮೊದಲ ತಂಡ ಇದು.

ಆದ್ದರಿಂದ ನನ್ನ ಮೊದಲ ಸಲಹೆ: ಗೇಮ್‌ಡೇ ಮತ್ತು ಒಂದು ಸ್ಕೋರ್ ಹಾಳೆ. ಗೇಮ್‌ಡೇ ಪೂರ್ತಿ ಉಚಿತ. ಪ್ರತಿ ಎಸೆತ ಎಲ್ಲಿ ಬಿತ್ತು, ಎಷ್ಟು ವೇಗದಲ್ಲಿ ಬಂತು, ಬ್ಯಾಟರ್ ಏನು ಮಾಡಿದ ಎಂಬುದು ಕ್ಷಣಕ್ಷಣಕ್ಕೆ ಬರುತ್ತದೆ. ಹಾಳೆಯ ಮೇಲೆ ಅದನ್ನು ನೀವು ಬರೆದುಕೊಳ್ಳುತ್ತಾ ಹೋಗಿ. ಬರೆಯುವ ಕ್ರಮ ಬಹಳ ಸರಳ. ಮೈದಾನದ ಒಂಬತ್ತು ಮಂದಿಗೆ ಒಂಬತ್ತು ಸಂಖ್ಯೆಗಳು: ಪಿಚರ್ (ಚೆಂಡು ಎಸೆಯುವವನು) 1, ಕ್ಯಾಚರ್ (ಬ್ಯಾಟರ್ ಹಿಂದೆ ಕುಳಿತು ಹಿಡಿಯುವವನು) 2, ಮೊದಲ ಬೇಸ್ ಕಾಯುವವನು 3, ಎರಡನೆಯ ಬೇಸ್ 4, ಮೂರನೆಯ ಬೇಸ್ 5, ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಎಡ ಔಟ್‌ಫೀಲ್ಡ್ 7, ನಡುವಿನದು 8, ಬಲದ್ದು 9. ಇವು ಜೆರ್ಸಿಯ ಮೇಲಿನ ಸಂಖ್ಯೆಗಳಲ್ಲ, ನಿಲ್ಲುವ ಜಾಗದ ಸಂಖ್ಯೆಗಳು. ಚೆಂಡು ಶಾರ್ಟ್‌ಸ್ಟಾಪ್ ಕಡೆ ಉರುಳಿ, ಅವನು ಮೊದಲ ಬೇಸ್‌ಗೆ ಎಸೆದು ಔಟಾದರೆ 6-3 ಎಂದು ಬರೆದರೆ ಮುಗಿಯಿತು. ಸ್ಟ್ರೈಕ್‌ಔಟ್ ಆದರೆ, ಅಂದರೆ ಮೂರು ಸ್ಟ್ರೈಕ್‌ಗಳಿಂದ ಬ್ಯಾಟರ್ ಔಟಾದರೆ, ಇಂಗ್ಲಿಷಿನ ‘ಕೆ’ ಅಕ್ಷರ. ಬ್ಯಾಟ್ ಬೀಸದೆ ನಿಂತು ಔಟಾದರೆ ಅದೇ ಅಕ್ಷರವನ್ನು ತಿರುವಿ ಬರೆಯುವುದು ವಾಡಿಕೆ. ನಾಲ್ಕು ಪಂದ್ಯ ಹೀಗೆ ಬರೆದರೆ ಸಾಕು, ನಿಯಮ ಪುಸ್ತಕ ಓದಿ ತಲೆಗೆ ಹೋಗದ್ದು ಕೈಗೆ ಬಂದಿರುತ್ತದೆ.

ಈ ‘ಕೆ’ ಅಕ್ಷರದ ಹಿಂದೆ ನಮಗೆ ಹತ್ತಿರವಾದ ಒಂದು ಸಂಗತಿ ಇದೆ. ಅದನ್ನು ತಂದವರು ಹೆನ್ರಿ ಚಾಡ್ವಿಕ್. 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಬ್ರೂಕ್ಲಿನ್‌ಗೆ ಬಂದು, ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದವರು. ‘ಸ್ಟ್ರಕ್’ ಎಂಬ ಪದದ ಕೊನೆಯ ಅಕ್ಷರ ಅದು. ಮೊದಲಕ್ಷರವಾದ ‘ಎಸ್’ ಬೇರೆ ಕೆಲಸಕ್ಕೆ ಹೋಗಿತ್ತು. ಬೇಸ್‌ಬಾಲ್‌ನ ಬಾಕ್ಸ್ ಸ್ಕೋರ್ ಎಂಬ ಕೋಷ್ಟಕವನ್ನು ಬೆಳೆಸಿ ಜನಪ್ರಿಯಗೊಳಿಸಿದವರಲ್ಲಿ ಅವರೇ ಮುಂಚೂಣಿಯವರು. ಅದನ್ನು ಕಟ್ಟಿದ್ದು ಕ್ರಿಕೆಟ್ ಸ್ಕೋರ್ ಕಾರ್ಡಿನ ಮಾದರಿಯಲ್ಲಿ. ನಾವು ಬಾಲ್ಯದಿಂದ ಪತ್ರಿಕೆಯ ಕೊನೆಯ ಪುಟದಲ್ಲಿ ಓದುತ್ತಾ ಬಂದ ಕೋಷ್ಟಕದ ದಾಯಾದಿಯೇ ಇದು. ಹಾಗಾಗಿ ಬಾಕ್ಸ್ ಸ್ಕೋರ್ ಕಂಡು ಗಾಬರಿ ಬೇಡ.

ಇನ್ನು ದಾಖಲೆಯ ತಾಣಗಳು. ಒಂದೇ ಒಂದು ತಾಣ ಇಟ್ಟುಕೊಳ್ಳಿ ಎಂದು ಯಾರಾದರೂ ಕಟ್ಟುಮಾಡಿದರೆ ನಾನು ಬೇಸ್‌ಬಾಲ್ ರೆಫರೆನ್ಸ್ ಇಟ್ಟುಕೊಳ್ಳುತ್ತೇನೆ. ಶಾನ್ ಫೋರ್‌ಮನ್ ಎಂಬುವರು 2000ದಲ್ಲಿ ಆರಂಭಿಸಿದ್ದು. 1871ರಿಂದ ಈಚೆಗೆ ಮೇಜರ್ ಲೀಗ್‌ಗಳಲ್ಲಿ ಆಡಿದ ಪ್ರತಿಯೊಬ್ಬ ಆಟಗಾರನಿಗೂ ಒಂದು ಪುಟವಿದೆ, ಒಂದೇ ಪಂದ್ಯ ಆಡಿ ಮನೆಗೆ ಹೋದವನಿಗೂ. ಡಾಜರ್ಸ್‌ನ ಶೊಹೆಯಿ ಒಹ್ತಾನಿಯ ಪುಟ ತೆರೆದು 2024ರ ಸಾಲು ನೋಡಿ: 54 ಹೋಮ್ ರನ್, 59 ಬೇಸ್ ಕಳವು (ಬ್ಯಾಟರ್ ಚೆಂಡು ಹೊಡೆಯುವುದನ್ನು ಕಾಯದೆ ಮುಂದಿನ ಬೇಸ್‌ಗೆ ಓಡಿ ತಲುಪುವುದು). ಒಂದೇ ವರ್ಷ ಎರಡರಲ್ಲೂ ಐವತ್ತು ದಾಟಿದ ಮೊದಲ ಆಟಗಾರ ಅವನು. ಅಲ್ಲಿಂದ ಪಂದ್ಯದ ಪುಟಕ್ಕೆ, ಅಲ್ಲಿಂದ ಎದುರಾಳಿ ಪಿಚರ್‌ನ ಪುಟಕ್ಕೆ ಹೋಗುತ್ತಾ ಹೋದರೆ ಎರಡು ತಾಸು ಕಳೆದದ್ದೇ ಗೊತ್ತಾಗುವುದಿಲ್ಲ. ಈ ತಾಣದ ಸಂಕೀರ್ಣ ಹುಡುಕಾಟದ ಭಾಗಕ್ಕೆ ಮಾತ್ರ ಚಂದಾ ಇದೆ. ನಿಮಗೆ ಅದು ಬೇಕಾಗುವುದಿಲ್ಲ.

ಆದರೆ ಈ ತಾಣದ ಪಂದ್ಯ ವಿವರಗಳ ಬಹುಭಾಗ ಬಂದದ್ದು ರೆಟ್ರೋಶೀಟ್ ಎಂಬ ಇನ್ನೊಂದು ಬಾವಿಯಿಂದ. ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಡೇವಿಡ್ ಸ್ಮಿತ್ 1989ರಲ್ಲಿ ಇದನ್ನು ಆರಂಭಿಸಿದರು. ಹಳೆಯ ಪಂದ್ಯಗಳ ಸ್ಕೋರ್ ಪುಸ್ತಕಗಳನ್ನು ತಂಡಗಳಿಂದ, ಪತ್ರಕರ್ತರಿಂದ, ಅಭಿಮಾನಿಗಳ ಮನೆಗಳಿಂದ ಬೇಡಿ ತಂದು, ಸ್ವಯಂಸೇವಕರು ಒಂದೊಂದೇ ಆಟವನ್ನು ಗಣಕಕ್ಕೆ ಏರಿಸಿದರು. ಇವತ್ತು ಅದೆಲ್ಲ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ನೋಡಲು ಮಾತ್ರ ತೀರಾ ಸಾದಾ ತಾಣ. ನನಗೆ ಅದೇ ಇಷ್ಟ.

ಇದನ್ನು ಬರೆಯುವಾಗ ಮನಸ್ಸಿಗೆ ಒಂದು ನೋವು ಬರುತ್ತದೆ, ಹೇಳದೆ ಮುಂದೆ ಹೋಗಲಾರೆ. ನಮ್ಮ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಜಾತ್ರೆಗಳಲ್ಲಿ ಎಷ್ಟು ತಲೆಮಾರುಗಳಿಂದ ಕುಸ್ತಿ ನಡೆದಿದೆ! ಯಾವ ಪೈಲ್ವಾನರು ಯಾರನ್ನು ಯಾವ ಪಟ್ಟಿನಿಂದ ಕೆಡವಿದರು, ಎಷ್ಟು ಹೊತ್ತು ಹಿಡಿಯಿತು ಎಂಬುದು ಹಿರಿಯರ ಬಾಯಲ್ಲಿ ಮಾತ್ರ ಇದೆ. ಅವರು ಹೋದರೆ ಅದೂ ಹೋಯಿತು. ಬರೆದಿಡದ ಆಟಕ್ಕೆ ಏನಾಗುತ್ತದೆ ಎಂಬುದನ್ನು ಬೇಸ್‌ಬಾಲ್ ತನ್ನ ಮನೆಯಲ್ಲೇ ಕಂಡಿದೆ. ಕಪ್ಪು ಜನರಿಗೆ ಮೇಜರ್ ಲೀಗ್‌ಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರು ನೀಗ್ರೋ ಲೀಗ್ ಎಂದು ಕರೆಯಲಾಗುತ್ತಿದ್ದ ತಮ್ಮದೇ ಲೀಗ್‌ಗಳಲ್ಲಿ ಆಡಿದರು, ಆ ಪಂದ್ಯಗಳ ಅಂಕಿಗಳನ್ನು ಅಧಿಕೃತ ಪುಸ್ತಕಕ್ಕೆ ಯಾರೂ ಸೇರಿಸಲಿಲ್ಲ. ಸೀಮ್‌ಹೆಡ್ಸ್ ಎಂಬ ತಾಣದ ಸಂಶೋಧಕರು ಹಳೆಯ ಪತ್ರಿಕೆಗಳನ್ನು ಜಾಲಾಡಿ ಆ ಲೀಗ್‌ಗಳ ದತ್ತಸಂಗ್ರಹವನ್ನು ಕಟ್ಟಿದರು. 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಆ ಲೀಗ್‌ಗಳಿಗೆ ಸಮಾನ ಸ್ಥಾನ ಕೊಟ್ಟಿತು, 2024ರ ಮೇ ತಿಂಗಳಲ್ಲಿ ಅಂಕಿಗಳನ್ನೂ ತನ್ನ ಪುಸ್ತಕಕ್ಕೆ ಸೇರಿಸಿತು. ಆ ದಿನ ಟೈ ಕಾಬ್‌ನನ್ನು ಹಿಂದಿಕ್ಕಿ, ಜೀವಮಾನದ ಬ್ಯಾಟಿಂಗ್ ಸರಾಸರಿಯ ಮೊದಲ ಸ್ಥಾನಕ್ಕೆ ನೀಗ್ರೋ ಲೀಗ್‌ಗಳ ಜಾಶ್ ಗಿಬ್ಸನ್ ಬಂದರು: .372, ಅಂದರೆ ಸಾವಿರ ಅವಕಾಶಕ್ಕೆ 372 ಹಿಟ್‌ಗಳ ಲೆಕ್ಕ. ಗಿಬ್ಸನ್ ತೀರಿಕೊಂಡದ್ದು 1947ರ ಜನವರಿಯಲ್ಲಿ, ಜ್ಯಾಕಿ ರಾಬಿನ್ಸನ್ ಆ ಮುಚ್ಚಿದ ಬಾಗಿಲು ದಾಟಿ ಮೈದಾನಕ್ಕಿಳಿಯಲು ಮೂರು ತಿಂಗಳಷ್ಟೇ ಉಳಿದಿದ್ದಾಗ. ಧಾರವಾಡದಲ್ಲಿ ಹುಟ್ಟಿ, 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಪಡೆದೂ ಜಾತಿಯ ಕಾರಣಕ್ಕೆ ನಾಯಕತ್ವ ಸಿಗದೆ ಹೋದ ಪಾಲ್ವಂಕರ್ ಬಾಲೂ ಅವರ ಕಥೆಯನ್ನು ನಿಮ್ಮ ಮಕ್ಕಳಿಗೆ ಹೇಳುವ ದಿನ, ಗಿಬ್ಸನ್ ಅವರ ಪುಟವನ್ನೂ ತೆರೆದು ತೋರಿಸಿ.

ವ್ಯಕ್ತಿಗಳ ಬದುಕು ಓದಬೇಕೆಂದರೆ ಸೇಬರ್ ಸಂಸ್ಥೆಯ ಜೀವನಚರಿತ್ರೆ ಯೋಜನೆ ಇದೆ. 1971ರಲ್ಲಿ ಕೂಪರ್ಸ್‌ಟೌನ್‌ನಲ್ಲಿ ಹದಿನಾರು ಮಂದಿ ಸೇರಿ ಕಟ್ಟಿದ ಸಂಶೋಧನಾ ಸಂಘ ಅದು. ಸಾವಿರಾರು ಆಟಗಾರರ ಜೀವನಕಥೆಗಳು ಅಲ್ಲಿ ಉಚಿತ. ಲೇಖನಗಳು ಉದ್ದ, ಇಂಗ್ಲಿಷ್ ಸ್ವಲ್ಪ ಗಟ್ಟಿ. ಮೊಬೈಲ್‌ನ ಅನುವಾದ ಸೌಲಭ್ಯ ಬಳಸಿ ಓದಬಹುದು, ಆದರೆ ಆಟದ ಪದಗಳನ್ನು ಅದು ಕನ್ನಡಕ್ಕೆ ತರುವಾಗ ಎಡವುತ್ತದೆ. ‘ವಾಕ್’ (ಗುರಿ ತಪ್ಪಿದ ನಾಲ್ಕು ಎಸೆತಗಳಿಗೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್) ಎಂಬುದು ನಡಿಗೆಯಾಗುತ್ತದೆ, ‘ಪಿಚರ್’ ಹೂಜಿಯಾಗುತ್ತದೆ. ಎಂಎಲ್‌ಬಿ ತಾಣದಲ್ಲೇ ಇರುವ ಪದಕೋಶದಲ್ಲಿ ಮೊದಲು ಪದಗಳ ಪರಿಚಯ ಮಾಡಿಕೊಂಡರೆ ಈ ಗೊಂದಲ ಆಗುವುದಿಲ್ಲ. ಅಧಿಕೃತ ನಿಯಮ ಪುಸ್ತಕವನ್ನೂ ಅಲ್ಲಿಂದಲೇ ಇಳಿಸಿಕೊಳ್ಳಬಹುದು.

ಫ್ಯಾನ್‌ಗ್ರಾಫ್ಸ್ ಬಗ್ಗೆ ನೀವು ಖಂಡಿತ ಕೇಳಿರುತ್ತೀರಿ. 2005ರಲ್ಲಿ ಆರಂಭವಾದ ಈ ತಾಣ ವಿಶ್ಲೇಷಣೆಗೆ ಹೆಸರುವಾಸಿ, ಲೇಖನಗಳೂ ಚೆನ್ನಾಗಿರುತ್ತವೆ. ಆದರೂ ಮೊದಲ ಆರು ತಿಂಗಳು ಅಲ್ಲಿಗೆ ಹೋಗಬೇಡಿ ಎನ್ನುತ್ತೇನೆ. ಅಲ್ಲಿ ಎಲ್ಲರೂ ‘ವಾರ್’ ಎಂಬ ಒಂದು ಸಂಖ್ಯೆಯ ಸುತ್ತ ಮಾತನಾಡುತ್ತಾರೆ. ಸುಲಭವಾಗಿ ಸಿಗುವ ಸಾಮಾನ್ಯ ಬದಲಿ ಆಟಗಾರನಿಗಿಂತ ಈತ ತಂಡಕ್ಕೆ ಎಷ್ಟು ಗೆಲುವು ಹೆಚ್ಚು ತಂದುಕೊಟ್ಟ ಎಂಬ ಅಂದಾಜು ಅದು. ಬೇಸ್‌ಬಾಲ್ ರೆಫರೆನ್ಸ್‌ನ ‘ವಾರ್’ ಮತ್ತು ಫ್ಯಾನ್‌ಗ್ರಾಫ್ಸ್‌ನ ‘ವಾರ್’ ಒಂದೇ ಪಿಚರ್‌ಗೆ ಬೇರೆ ಬೇರೆ ಸಂಖ್ಯೆ ಹೇಳುತ್ತವೆ. ಕಾರಣ ಸರಳ: ಮೊದಲನೆಯದು ಅವನು ಬಿಟ್ಟುಕೊಟ್ಟ ರನ್‌ಗಳಿಂದ ಲೆಕ್ಕ ಆರಂಭಿಸುತ್ತದೆ. ಎರಡನೆಯದು ಫೀಲ್ಡರುಗಳ ಕೈಗೆ ಹೋಗದ ಸಂಗತಿಗಳಿಂದ, ಅಂದರೆ ಸ್ಟ್ರೈಕ್‌ಔಟ್, ವಾಕ್, ಹೋಮ್ ರನ್‌ಗಳಿಂದ ಆರಂಭಿಸುತ್ತದೆ. ಎರಡೂ ಸರಿ, ಎರಡೂ ಅಂದಾಜು. ಇದು ತಿಳಿಯದೆ ದಶಾಂಶ ಬಿಂದುವಿನ ಮೇಲೆ ಜಗಳವಾಡುವ ಅಭಿಮಾನಿಗಳನ್ನು ನೋಡಿದರೆ, ಸಂಖ್ಯಾಶಾಸ್ತ್ರ ಕಲಿಸಿದ ನನ್ನ ಮನಸ್ಸಿಗೆ ಬೇಸರವಾಗುತ್ತದೆ.

ಬೇಸ್‌ಬಾಲ್ ಸಾವಂಟ್ ಮಾತ್ರ ಮಕ್ಕಳಿಗೆ ಮೊದಲ ದಿನದಿಂದಲೇ ತೋರಿಸಬಹುದಾದ ತಾಣ. ಮೇಜರ್ ಲೀಗ್‌ನ ಎಲ್ಲ ಮೂವತ್ತು ಮೈದಾನಗಳಲ್ಲಿ 2015ರಿಂದ ಸ್ಟ್ಯಾಟ್‌ಕಾಸ್ಟ್ ಎಂಬ ಅಳತೆ ವ್ಯವಸ್ಥೆ ಇದೆ. 2020ರಿಂದ ಅದರ ಕಣ್ಣು ಹಾಕ್-ಐ ಕ್ಯಾಮೆರಾಗಳು. ಎಲ್‌ಬಿಡಬ್ಲ್ಯು ತೀರ್ಪಿಗೆ ಚೆಂಡಿನ ದಾರಿಯನ್ನು ತೋರಿಸುತ್ತದಲ್ಲ, ಅದೇ ಹಾಕ್-ಐ. ಚೆಂಡು ಬ್ಯಾಟಿನಿಂದ ಎಷ್ಟು ವೇಗದಲ್ಲಿ ಹೊರಟಿತು, ಎಷ್ಟು ಕೋನದಲ್ಲಿ ಏರಿತು, ಎಸೆತ ಎಷ್ಟು ಇಂಚು ತಿರುಗಿತು ಎಲ್ಲವೂ ಅಲ್ಲಿ ಚಿತ್ರಗಳಲ್ಲಿ ಸಿಗುತ್ತದೆ. ಚಿತ್ರ ಓದಲು ಇಂಗ್ಲಿಷ್ ಬೇಕಿಲ್ಲ. ನಿಮ್ಮ ಶಾಲೆಯ ವಿಜ್ಞಾನ ಶಿಕ್ಷಕರನ್ನೂ ಜೊತೆಗೆ ಕೂರಿಸಿಕೊಳ್ಳಿ, ಎಸೆದ ವಸ್ತುವಿನ ಚಲನೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. 2026ರ ಹಂಗಾಮಿನಿಂದ ಬಾಲ್ ಮತ್ತು ಸ್ಟ್ರೈಕ್ ತೀರ್ಪುಗಳನ್ನು (ಎಸೆತ ಗುರಿಯ ಹೊರಗೋ ಒಳಗೋ ಎಂಬುದನ್ನು) ಆಟಗಾರರೇ ಪ್ರಶ್ನಿಸುವ ವ್ಯವಸ್ಥೆಯೂ ಬಂದಿದೆ. ತಂಡಕ್ಕೆ ಎರಡು ಅವಕಾಶ, ಗೆದ್ದರೆ ಅವಕಾಶ ಉಳಿಯುತ್ತದೆ. ಕ್ರಿಕೆಟ್‌ನ ಡಿಆರ್‌ಎಸ್ ಗೊತ್ತಿರುವ ನಿಮ್ಮ ಹುಡುಗರಿಗೆ ಇದನ್ನು ವಿವರಿಸಬೇಕಾದ್ದೇ ಇಲ್ಲ.

ಈಗ ನೀವು ಕೇಳದಿದ್ದರೂ ನಾನು ಹೇಳಲೇಬೇಕಾದದ್ದು. ಹುಡುಗರಿಗೆ ಪಿಚಿಂಗ್ ಕಲಿಸುವ ಮುನ್ನ ಪಿಚ್ ಸ್ಮಾರ್ಟ್ ಎಂಬ ಪುಟವನ್ನು ದಯವಿಟ್ಟು ಓದಿ. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ವೈದ್ಯರ ಸಲಹೆಯಿಂದ ರೂಪಿಸಿದ ಮಾರ್ಗಸೂಚಿ ಅದು. 11–12 ವಯಸ್ಸಿನವರು ದಿನಕ್ಕೆ ಹೆಚ್ಚೆಂದರೆ 85 ಎಸೆತ, 13ರಿಂದ 16ರವರು 95. ಹದಿನಾಲ್ಕರೊಳಗಿನ ಹುಡುಗ ಒಂದು ದಿನ 66 ಅಥವಾ ಹೆಚ್ಚು ಎಸೆದರೆ ನಂತರ ನಾಲ್ಕು ದಿನ ಪೂರ್ಣ ವಿಶ್ರಾಂತಿ. ನಮ್ಮ ತಾಲ್ಲೂಕು, ಜಿಲ್ಲಾ ಕ್ರೀಡಾಕೂಟಗಳಲ್ಲಿ ಒಂದೇ ದಿನ ಎರಡು ಮೂರು ಪಂದ್ಯ ಮುಗಿಸುವ ಆತುರ ನಿಮಗೆ ಗೊತ್ತೇ ಇದೆ. ಇರುವ ಒಬ್ಬ ಒಳ್ಳೆಯ ಪಿಚರ್‌ನನ್ನೇ ಬೆಳಗಿನಿಂದ ಸಂಜೆಯವರೆಗೆ ಎಸೆಯಲು ಬಿಟ್ಟರೆ ಕಪ್ ಬರಬಹುದು, ಅವನ ಮೊಣಕೈ ಹೋಗುತ್ತದೆ. 1974ರಲ್ಲಿ ಡಾಜರ್ಸ್‌ನ ಪಿಚರ್ ಟಾಮಿ ಜಾನ್ ಅವರಿಗೆ ಡಾ. ಫ್ರಾಂಕ್ ಜೋಬ್ ಮಾಡಿದ ಮೊಣಕೈ ಶಸ್ತ್ರಚಿಕಿತ್ಸೆಗೆ ಆಟಗಾರನ ಹೆಸರೇ ನಿಂತಿದೆ. ಅಂತಹ ಚಿಕಿತ್ಸೆ ನಮ್ಮ ಹಳ್ಳಿಯ ಹುಡುಗನ ಕೈಗೆ ಎಟುಕುವುದು ಸುಲಭವಲ್ಲ, ಹಾಗಾಗಿ ನೀವೇ ಎಸೆತ ಎಣಿಸಬೇಕು. ಸ್ಕೋರ್ ಹಾಳೆಯ ಅಂಚಿನಲ್ಲಿ ಎಸೆತಕ್ಕೊಂದು ಗೀಟು ಎಳೆಯಿರಿ, ಅಷ್ಟು ಸಾಕು.

ಸಾಫ್ಟ್‌ಬಾಲ್‌ಗೆ ಮಾತ್ರ ಈ ತಾಣಗಳ ಅಳತೆಗಳನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಬೇಸ್‌ಬಾಲ್‌ನಲ್ಲಿ ಬೇಸ್‌ನಿಂದ ಬೇಸ್‌ಗೆ 90 ಅಡಿ, ಪಿಚರ್‌ನಿಂದ ಹೋಮ್ ಪ್ಲೇಟ್‌ಗೆ, ಅಂದರೆ ಬ್ಯಾಟರ್ ನಿಲ್ಲುವ ಜಾಗಕ್ಕೆ, 60 ಅಡಿ 6 ಇಂಚು. ಮಹಿಳೆಯರ ಸಾಫ್ಟ್‌ಬಾಲ್‌ನಲ್ಲಿ ಅವು 60 ಮತ್ತು 43 ಅಡಿ, ಪಂದ್ಯ ಏಳು ಇನ್ನಿಂಗ್ಸ್. ಎರಡೂ ಆಟಗಳ ವಿಶ್ವ ಸಂಸ್ಥೆ ಡಬ್ಲ್ಯುಬಿಎಸ್‌ಸಿ, ಸಾಫ್ಟ್‌ಬಾಲ್ ನಿಯಮಗಳಿಗೆ ಅದರ ತಾಣವನ್ನೇ ನಂಬಿ. ಅಲ್ಲೇ ಬೇಸ್‌ಬಾಲ್5 ಎಂಬ ಆಟದ ನಿಯಮಗಳೂ ಇವೆ. ಬ್ಯಾಟ್ ಇಲ್ಲ, ಕೈಗವಸು ಇಲ್ಲ, ಒಂದು ರಬ್ಬರ್ ಚೆಂಡು, ಒಂದೊಂದು ತಂಡದಲ್ಲಿ ಐದು ಮಂದಿ, ಐದು ಇನ್ನಿಂಗ್ಸ್. ಲಗೋರಿ ಆಡಿ ಬೆಳೆದ ಮಕ್ಕಳು ಅರ್ಧ ಗಂಟೆಯಲ್ಲಿ ಕಲಿಯುತ್ತಾರೆ, ಶಾಲೆಯ ಅಂಗಳವೇ ಸಾಕು.

ನೇರಪ್ರಸಾರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಎಂಎಲ್‌ಬಿಯ ನೇರ ವಿಡಿಯೋಗೆ ಚಂದಾ ಬೇಕು. ಅವರ ಯೂಟ್ಯೂಬ್ ವಾಹಿನಿಯಲ್ಲಿ ಪಂದ್ಯಗಳ ಮುಖ್ಯಾಂಶಗಳು ಉಚಿತವಾಗಿ ಸಿಗುತ್ತವೆ. ಬೇಸಿಗೆ ಸಮಯದಲ್ಲಿ ಅಮೆರಿಕದ ಪೂರ್ವ ಕರಾವಳಿಯ ಸಂಜೆ 7 ಗಂಟೆ ನಮಗೆ ಮರುದಿನ ಬೆಳಗಿನ 4:30, ಪಶ್ಚಿಮ ಕರಾವಳಿಯ ಸಂಜೆ 7 ಎಂದರೆ ನಮಗೆ ಬೆಳಗಿನ 7:30. ಹಾಗಾಗಿ ನಿಮಗೆ ಅನುಕೂಲ ಭಾನುವಾರ ಬೆಳಿಗ್ಗೆ. ಹಂಗಾಮು ಮಾರ್ಚ್ ಕೊನೆಗೆ ಆರಂಭವಾಗಿ, ತಂಡಕ್ಕೆ 162 ಪಂದ್ಯಗಳಂತೆ ನಡೆದು, ನಿಮ್ಮ ಕಡೆಯ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಸಜ್ಜಾಗುವ ಹೊತ್ತಿಗೆ ಮುಗಿಯುತ್ತದೆ. ಜಪಾನಿನ ವೃತ್ತಿಪರ ಲೀಗ್‌ಗೂ ಇಂಗ್ಲಿಷ್ ಪುಟವಿದೆ. ಅಲ್ಲಿಯ ಸಂಜೆ 6 ಗಂಟೆ ನಮಗೆ ಮಧ್ಯಾಹ್ನ 2:30.

‘ಉಚಿತ ನೇರಪ್ರಸಾರ’ ಎಂದು ಆಸೆ ತೋರಿಸುವ ಅನಾಮಧೇಯ ತಾಣಗಳ ಹತ್ತಿರ ಹೋಗಬೇಡಿ. ಹಿಂದೊಮ್ಮೆ ಅಂಥದ್ದೊಂದರ ಕೊಂಡಿ ಒತ್ತಿ ನನ್ನ ಕಂಪ್ಯೂಟರ್ ಕೆಟ್ಟಿತು, ಹಲವು ವರ್ಷ ಕೂಡಿಟ್ಟ ಸ್ಕೋರ್ ಹಾಳೆಗಳ ಪ್ರತಿಗಳು ಕಳೆದುಹೋದವು. ಇನ್ನೊಂದು ಎಚ್ಚರ: ಈಗ ಒಳ್ಳೆಯ ಬೇಸ್‌ಬಾಲ್ ತಾಣಗಳಲ್ಲೂ ಬಾಜಿ ಕಟ್ಟುವ ಜಾಹೀರಾತುಗಳು ಬರುತ್ತವೆ. ನಮ್ಮ ದೇಶದಲ್ಲಿ 2025ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂದಿದೆ. ಮಕ್ಕಳ ಕೈಗೆ ಮೊಬೈಲ್ ಕೊಟ್ಟು ನೀವು ಎದ್ದು ಹೋಗಬೇಡಿ, ಪಕ್ಕದಲ್ಲಿ ಕುಳಿತು ತೋರಿಸಿ. ಮಕ್ಕಳಿಗೆ ಆಟವೇ ಬೇಕೆಂದರೆ ಇಮ್ಯಾಕ್ಯುಲೇಟ್ ಗ್ರಿಡ್ ಇದೆ: ದಿನಕ್ಕೊಂದು ಒಂಬತ್ತು ಚೌಕಗಳ ಒಗಟು, ಹಣದ ಮಾತೇ ಇಲ್ಲ.

ಬರುವ ಭಾನುವಾರಕ್ಕೆ ನಿಮಗೊಂದು ಕೆಲಸ ಕೊಡುತ್ತೇನೆ. ಬೇಸ್‌ಬಾಲ್ ರೆಫರೆನ್ಸ್‌ನಲ್ಲಿ 2025ರ ನವೆಂಬರ್ 1ರ ಪಂದ್ಯ ತೆರೆಯಿರಿ. ಪುಟದ ಕೆಳಭಾಗದಲ್ಲಿ ಇಡೀ ಆಟದ ವಿವರ ಸಾಲುಸಾಲಾಗಿ ಇರುತ್ತದೆ. ಮೇಲಿನ ಬಾಕ್ಸ್ ಸ್ಕೋರ್ ನೋಡದೆ, ಆ ಸಾಲುಗಳನ್ನು ಓದುತ್ತಾ ನಿಮ್ಮ ಹಾಳೆ ತುಂಬಿಸಿ, ಆಮೇಲೆ ಎರಡನ್ನೂ ತಾಳೆ ನೋಡಿ. ಹನ್ನೊಂದನೆಯ ಇನ್ನಿಂಗ್ಸ್‌ನ ಎರಡನೆಯ ಅರ್ಧಕ್ಕೆ, ಬ್ಲೂ ಜೇಸ್ ಬ್ಯಾಟ್ ಮಾಡುವ ಸರದಿಗೆ, ಬಂದಾಗ ನಿಧಾನಿಸಿ. ಗೆರೆರೊ ಡಬಲ್ (ಎರಡನೆಯ ಬೇಸ್‌ವರೆಗೆ ತಲುಪಿಸುವ ಹೊಡೆತ) ಹೊಡೆಯುತ್ತಾನೆ, ಮುಂದಿನವನ ಬಂಟ್‌ನಿಂದ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟುವುದು) ಮೂರನೆಯ ಬೇಸ್‌ಗೆ ಹೋಗುತ್ತಾನೆ, ಅವನ ನಂತರದವನಿಗೆ ವಾಕ್ ಸಿಗುತ್ತದೆ. ಸಮಬಲದ ರನ್ ಹೋಮ್ ಪ್ಲೇಟಿನಿಂದ 90 ಅಡಿ ದೂರದಲ್ಲಿ ನಿಂತಿದೆ. ಕರ್ಕ್ ಹೊಡೆದ ಚೆಂಡು ಶಾರ್ಟ್‌ಸ್ಟಾಪ್ ಮೂಕಿ ಬೆಟ್ಸ್ ಕೈಗೆ ಉರುಳುತ್ತದೆ. ಬೆಟ್ಸ್ ಎರಡನೆಯ ಬೇಸ್ ತುಳಿದು ಮೊದಲ ಬೇಸ್‌ಗೆ ಎಸೆಯುತ್ತಾನೆ, ಒಂದೇ ಹೊಡೆತಕ್ಕೆ ಇಬ್ಬರು ಔಟ್. ಕೊನೆಯ ಚೌಕದಲ್ಲಿ ನಿಮ್ಮ ಪೆನ್ಸಿಲ್ ಬರೆಯಬೇಕಾದದ್ದು ಇಷ್ಟು: 6-3, ಡಬಲ್ ಪ್ಲೇ.